ಖಾಕಿಗೂ ಕೋವಿಗೂ ಮೊದಲು ಕಾಗದ

ಪ್ರತಿ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಗೆ ಮೊದಲ ಪಾಠಕ್ಕೆ ಹೋದಾಗ ನಾನು ಪುಸ್ತಕ ತೆರೆಯುವುದಿಲ್ಲ. ಮುಂದೆ ಏನಾಗಬೇಕೆಂದಿದ್ದೀರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತೇನೆ. ಮೂವತ್ತು ವರ್ಷಗಳಲ್ಲಿ ಉತ್ತರಗಳು ಬಹಳ ಬದಲಾಗಿವೆ. ಡಾಕ್ಟರು, ಇಂಜಿನಿಯರುಗಳ ಸಾಲಿಗೆ ಈಗ ನನಗೆ ಅರ್ಥವೇ ಆಗದ ಕೆಲವು ಕೆಲಸಗಳೂ ಸೇರಿಕೊಂಡಿವೆ. ಬದಲಾಗದ ಉತ್ತರ ಒಂದಿದೆ: ಪೊಲೀಸ್. ಸುಳ್ಯ, ಪುತ್ತೂರು, ಕಡಬದ ಹಳ್ಳಿಯ ಶಾಲೆಗಳಲ್ಲಿ ಪ್ರತಿ ತರಗತಿಯಲ್ಲೂ ನಾಲ್ಕೈದು ಮಕ್ಕಳಾದರೂ ಖಾಕಿಯ ಕನಸು ಕಾಣುವವರೇ.

ಈ ಸಲ ಆ ಮಾತು ಬಂದಾಗ ಅಡಿಕೆ ತೋಟದ ಮನೆಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮಲ್ಲಿ ಒಂದು ಕೋವಿಗೆ ಅಪ್ಪ ಎಷ್ಟು ಸಲ ಡಿ.ಸಿ. ಆಫೀಸಿಗೆ ಹೋದರು. ಪೊಲೀಸರಿಗೆ ಕೋವಿಗೆ ಲೈಸನ್ಸು ಬೇಡವಾ?" ಎಂದು ಕೇಳಿದ. ತರಗತಿ ನಕ್ಕಿತು. ಮಧ್ಯಾಹ್ನ ಬಿಡುವಿನಲ್ಲಿ ಮತ್ತೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ರಬ್ಬರು ಕಾಲನಿಯ ಹುಡುಗಿ. ದನಿ ತಗ್ಗಿಸಿ ಕೇಳಿದಳು: "ನಮ್ಮ ತಾತ ಸಿಲೋನಿನಿಂದ ಬಂದವರಂತೆ ಸಾರ್. ನಮಗೆ ಪೊಲೀಸ್ ಕೆಲಸ ಕೊಡ್ತಾರಾ?"

ಎರಡೂ ಪ್ರಶ್ನೆಗಳು ಒಂದೇ ಗಂಟಿನ ಎರಡು ತುದಿಗಳು. ಕೋವಿ ಹಿಡಿಯಲು ಯಾರಿಗೆ ಅರ್ಹತೆ, ಸರ್ಕಾರದ ಪರವಾಗಿ ಹಿಡಿಯಲು ಯಾರಿಗೆ ಅರ್ಹತೆ, ಅದಕ್ಕೆ ಯಾವ ಕಾಗದ ಬೇಕು? ಮೊದಲ ಹುಡುಗನಿಗೆ ಉತ್ತರ ಹೇಳುವುದು ಸುಲಭ. ಎರಡನೆಯವಳಿಗೆ ಹೇಳಲು ನನಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಏಕೆಂದರೆ ಅವಳ ಅಪ್ಪನೂ ನನ್ನ ವಿದ್ಯಾರ್ಥಿಯೇ.

ಮೊದಲು ಕೋವಿಯ ವಿಷಯ. ನಮ್ಮ ದೇಶದಲ್ಲಿ ಇದನ್ನು ನಿಯಂತ್ರಿಸುವುದು 1959ರ ಆಯುಧ ಕಾಯ್ದೆ. ಅದರ 3ನೆಯ ಕಲಮಿನ ಪ್ರಕಾರ ಪರವಾನಿಗೆಯಿಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ 45ನೆಯ ಕಲಮು ಸರ್ಕಾರಿ ನೌಕರನು ತನ್ನ ಕರ್ತವ್ಯದಲ್ಲಿ ಹಿಡಿಯುವ ಆಯುಧಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಪೊಲೀಸ್ ಪೇದೆಯ ಹೆಗಲ ಮೇಲಿನ ರೈಫಲ್ ಅವನದಲ್ಲ, ಸರ್ಕಾರದ್ದು. ಶಸ್ತ್ರಾಗಾರದಿಂದ ಲೆಕ್ಕ ಬರೆಸಿ ತರುತ್ತಾನೆ, ಲೆಕ್ಕ ಬರೆಸಿ ಹಿಂದಿರುಗಿಸುತ್ತಾನೆ. ಅದೇ ಪೇದೆ ತನ್ನ ಮನೆಯ ತೋಟಕ್ಕೆ ಹಂದಿ ಬರುತ್ತದೆಂದು ಸ್ವಂತ ಕೋವಿ ಬಯಸಿದರೆ ನಮ್ಮ ನಿಮ್ಮ ಹಾಗೆಯೇ ಅರ್ಜಿ ಹಾಕಬೇಕು.

ಇದರಲ್ಲೊಂದು ತಮಾಷೆಯುಂಟು. ಕಾಯ್ದೆಯ 9ನೆಯ ಕಲಮಿನಂತೆ 21 ವರ್ಷ ತುಂಬದವನಿಗೆ ಸ್ವಂತ ಬಂದೂಕಿನ ಪರವಾನಿಗೆ ಇಲ್ಲ. ಆದರೆ ಸಶಸ್ತ್ರ ಮೀಸಲು ಪಡೆಗೆ 18 ತುಂಬಿದವನು ಸೇರಬಹುದು. ಅಂದರೆ 19ರ ಪೇದೆಯೊಬ್ಬ ಹಗಲೆಲ್ಲ ಸರ್ಕಾರದ ರೈಫಲ್ ಹಿಡಿದು ಕಾವಲು ನಿಂತು, ರಜೆಯಲ್ಲಿ ಊರಿಗೆ ಬಂದಾಗ ಅಜ್ಜನ ಕೇಪಿನ ಕೋವಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಇನ್ನೆರಡು ವರ್ಷ ಕಾಯಬೇಕು! ಎನ್.ಸಿ.ಸಿ. ಮಕ್ಕಳು ಶಿಬಿರದಲ್ಲಿ ಗುರಿ ಹೊಡೆಯುವುದೂ ಈ 45ನೆಯ ಕಲಮಿನ ಆಸರೆಯಿಂದಲೇ.

ಈ ಕಾಯ್ದೆಯಲ್ಲಿ ಪೌರತ್ವದ ಮಾತು ಬರುವುದು 13ನೆಯ ಕಲಮಿನಲ್ಲಿ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಸಾಮಾನ್ಯ ಕೋವಿಯನ್ನು, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು "ಭಾರತದ ಪೌರ"ನೊಬ್ಬ ಕೇಳಿದರೆ, ನಿರಾಕರಿಸಲು ಕಾನೂನಿನಲ್ಲಿ ಹೇಳಿದ ಕಾರಣವಿಲ್ಲದಿದ್ದರೆ, ಪರವಾನಿಗೆ ಕೊಡತಕ್ಕದ್ದು ಎಂದಿದೆ. ನಮ್ಮ ಕಡೆಯ ಕೇಪಿನ ಕೋವಿಗೆ ಸಂಸತ್ತಿನ ಕಾನೂನಿನಲ್ಲಿ ಇಂಥ ಸ್ಥಾನವಿದೆ ಎಂದು ಎಷ್ಟು ಕೃಷಿಕರಿಗೆ ಗೊತ್ತೋ! ಬ್ರಿಟಿಷರ 1878ರ ಆಯುಧ ಕಾಯ್ದೆಯ ಕಾಲದಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯನಿಗೆ ಪರವಾನಿಗೆ ಎಂಬ ತಾರತಮ್ಯವಿತ್ತು. ಆ ಗಾಯದ ನೆನಪಿನಿಂದಲೇ ಸ್ವತಂತ್ರ ಭಾರತದ ಕಾಯ್ದೆಯಲ್ಲಿ "ಪೌರ" ಎಂಬ ಪದ ಹೀಗೆ ಬಂದು ಕುಳಿತಿರಬೇಕೆಂದು ನನ್ನ ಊಹೆ. ಸಂಪಾಜೆ ಗೇಟು ದಾಟಿದರೆ ಕಥೆ ಮತ್ತೆ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಪರಂಪರೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಪರವಾನಿಗೆ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಡಿಯ ಈಚೆಗಿರುವ ನಮಗೆ ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವ ತಾಪತ್ರಯ. ಹಂದಿ, ಮಂಗಗಳಿಗೆ ಮಾತ್ರ ನೀತಿ ಸಂಹಿತೆಯಿಲ್ಲ.

ಇರಲಿ. ಆ ಹುಡುಗಿಯ ಪ್ರಶ್ನೆಗೆ ಬರೋಣ.

ರಬ್ಬರು ಮರದ ನೆರಳಿನವರು

ಸುಳ್ಯ, ಪುತ್ತೂರು, ಕಡಬ ಸೀಮೆಯ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳನ್ನು ಬಸ್ಸಿನಿಂದ ನೋಡದವರಿಲ್ಲ. ಅಲ್ಲಿನ ಲೈನ್ ಮನೆಗಳಲ್ಲಿ ತಮಿಳು ಮಾತನಾಡುವವರು ಯಾರು, ಎಲ್ಲಿಂದ ಬಂದರು ಎಂದು ಕೇಳಿದರೆ ನಮ್ಮವರಲ್ಲಿ ಅನೇಕರು "ನಿರಾಶ್ರಿತರು" ಎಂದುಬಿಡುತ್ತಾರೆ. ಅಲ್ಲೇ ಇರುವುದು ತಪ್ಪು.

ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತದ ಬಡ ಕೂಲಿಗಳನ್ನು ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಸಾಗಿಸಲಾಯಿತು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಇವರಲ್ಲಿ ಲಕ್ಷಾಂತರ ಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡರು. 9,75,000 ಮಂದಿಯಲ್ಲಿ 5,25,000 ಮಂದಿಗೆ ಭಾರತ, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದೆಂದಾಯಿತು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಪಾಲು ಮಾಡಿದರು. ಮನುಷ್ಯರನ್ನು ಹೀಗೆ ತೆಂಗಿನಕಾಯಿಯಂತೆ ಎಣಿಸಿ ಹಂಚಿದ ಲೆಕ್ಕ ಓದುವಾಗ ಗಣಿತ ಕಲಿಸುವ ನನಗೂ ಮೈ ಜುಮ್ಮೆನ್ನುತ್ತದೆ.

ಹಾಗೆ ಭಾರತದ ಪಾಲಿಗೆ ಬಂದವರು ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಇಳಿದರು. ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿ ಕುಟುಂಬ ಚೀಟಿ ಪಡೆದರು. ಅವರಲ್ಲಿ ಕೆಲವರು 1970ರ ದಶಕದಲ್ಲಿ ನಮ್ಮ ರಬ್ಬರು ತೋಟಗಳಿಗೆ ಬಂದು ನೆಲೆಯಾದರು. ಗಮನಿಸಿ, ಇವರು ಕೈಯಲ್ಲಿ ಭಾರತದ ಪಾಸ್‌ಪೋರ್ಟು ಹಿಡಿದು ಇಳಿದವರು. ಅಲ್ಲಿನ ಭಾರತೀಯ ಕಚೇರಿಯಲ್ಲೇ ಪೌರರೆಂದು ನೋಂದಣಿಯಾಗಿ ಬಂದವರು. 1983ರ ಜನಾಂಗೀಯ ಗಲಭೆಯ ಬಳಿಕ ದೋಣಿ ಹತ್ತಿ ತಮಿಳುನಾಡಿನ ಶಿಬಿರಗಳಿಗೆ ಬಂದ ನಿರಾಶ್ರಿತರ ಸ್ಥಿತಿ ಬೇರೆ. ಅವರಲ್ಲಿ ಬಹುಮಂದಿಗೆ ಪೌರತ್ವದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಈ ಎರಡು ಗುಂಪುಗಳನ್ನು ಒಂದೇ ಎಂದು ತಿಳಿದುಕೊಂಡದ್ದರಿಂದ ನನ್ನ ವಿದ್ಯಾರ್ಥಿಗೆ ಆದ ನಷ್ಟವನ್ನೇ ನಾನು ಹೇಳಹೊರಟಿರುವುದು.

ಆ ಹುಡುಗ 1997ರಲ್ಲಿ ಎಂಟನೆಯ ತರಗತಿಗೆ ಸೇರಿದ. ಬೆಳಗಿನ ಜಾವ ಅಪ್ಪನ ಜತೆ ಟ್ಯಾಪಿಂಗಿಗೆ ಹೋಗಿ, ಕೈತೊಳೆದು, ಶಾಲೆಗೆ ಓಡಿಬರುತ್ತಿದ್ದ. ಬಿಸಿಲೇರುವ ಮೊದಲು ಮರದೊಳಗಿನ ಒತ್ತಡ ಹೆಚ್ಚಿರುವುದರಿಂದ ಹಾಲು ಹೆಚ್ಚು ಇಳಿಯುತ್ತದೆ ಎಂಬುದು ಅವನಿಗೆ ನಾನು ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಫಾರ್ಮಿಕ್ ಆಮ್ಲ ಹಾಕಿದರೆ ರಬ್ಬರು ಹಾಲು ಏಕೆ ಗಟ್ಟಿಯಾಗುತ್ತದೆಂದು ಕೇಳಿದಾಗ, ತರಗತಿಯಲ್ಲಿ ಕೈಯೆತ್ತಿದವನು ಅವನೊಬ್ಬನೇ. ಎಸ್ಸೆಸ್ಸೆಲ್ಸಿ ಪಾಸಾದ. ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಸಶಸ್ತ್ರ ಮೀಸಲು ಪಡೆಗೆ ಎಸ್ಸೆಸ್ಸೆಲ್ಸಿಯೇ ಸಾಕಾಗಿತ್ತು. 2005ರ ಸುಮಾರಿಗೆ ಅರ್ಜಿ ಹಾಕಿದ, ಮೈದಾನದ ಪರೀಕ್ಷೆಯಲ್ಲಿ ಗೆದ್ದ, ಲಿಖಿತ ಪರೀಕ್ಷೆಯಲ್ಲೂ ಗೆದ್ದ. ಜಾತಿ ಪ್ರಮಾಣಪತ್ರ ಕೈಗೆ ಬಾರದಿದ್ದುದರಿಂದ ಸಾಮಾನ್ಯ ವರ್ಗದಲ್ಲೇ ಗೆದ್ದ ಎಂಬುದನ್ನು ಗಮನಿಸಬೇಕು.

ಆಮೇಲೆ ದಾಖಲೆ ಪರಿಶೀಲನೆ. ಒಂದು ಕಚೇರಿಯಲ್ಲಿ, "ತಂದೆ ಹುಟ್ಟಿದ್ದು ಶ್ರೀಲಂಕಾ. ಹಾಗಾದರೆ ನೀನು ಭಾರತೀಯ ಎನ್ನುವುದಕ್ಕೆ ಏನು ಪುರಾವೆ? ಕೋವಿ ಕೊಡುವ ಕೆಲಸ ಇದು" ಎಂದರಂತೆ. ಅಪ್ಪನ ಹಳೆಯ ಪಾಸ್‌ಪೋರ್ಟು ಹುಡುಕಿ ತಂದ. ಅದರಲ್ಲಿದ್ದ ಅಪ್ಪನ ಹೆಸರಿಗೂ ಹುಡುಗನ ಅಂಕಪಟ್ಟಿಯಲ್ಲಿದ್ದ ಅಪ್ಪನ ಹೆಸರಿಗೂ ತಾಳೆಯಾಗಲಿಲ್ಲ.

ಈ ತಾಳೆಯಾಗದ ಕಾರಣ ಹೇಳಿದರೆ ನನ್ನ ಮಾನವೇ ಹೋಗುತ್ತದೆ, ಆದರೂ ಹೇಳುತ್ತೇನೆ. ತಮಿಳಿನಲ್ಲಿ ಸ, ಚಗಳಿಗೆ ಒಂದೇ ಅಕ್ಷರ. ತ, ದಗಳಿಗೂ ಒಂದೇ. ಅವರ ನಿಜವಾದ ಹೆಸರು ಬೇಡ, ಅಂಥದೇ ಒಂದು ಹೆಸರು ತೆಗೆದುಕೊಳ್ಳಿ: ಸೆಲ್ಲದುರೈ. ಇದನ್ನೇ ಒಬ್ಬರು ಚೆಲ್ಲದುರೈ ಎನ್ನುತ್ತಾರೆ, ಇನ್ನೊಬ್ಬರು ಚೆಲ್ಲತುರೈ ಎಂದು ಬರೆಯುತ್ತಾರೆ. ತಮಿಳಿನಲ್ಲಿ ಮೂರೂ ಒಂದೇ. ಸಿಲೋನಿನ ಗುಮಾಸ್ತ ಇಂಗ್ಲಿಷಿನಲ್ಲಿ ಒಂದು ರೀತಿ ಬರೆದ. ಮಂಡಪಂನಲ್ಲಿ ಇನ್ನೊಂದು ರೀತಿ ಬರೆದರು. ಪಡಿತರ ಚೀಟಿಯಲ್ಲಿ ಮತ್ತೊಂದು. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕಿವಿಗೆ ಕೇಳಿದಂತೆ ನಾಲ್ಕನೆಯ ರೀತಿ ಬರೆದವನು ಯಾರು? ಆಗ ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿದ್ದ, ಅಕ್ಷರ ದುಂಡಗಿದೆಯೆಂದು ದಾಖಲಾತಿ ಕೆಲಸಕ್ಕೆ ಕೂರಿಸಲ್ಪಟ್ಟಿದ್ದ ನಾನೇ. ಎದುರಿಗೆ ನಿಂತ ಆ ತಂದೆಯ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ಹುಡುಗ ಪ್ರಮಾಣಪತ್ರ ಮಾಡಿಸಿದ, ನೋಟರಿಯ ಬಳಿ ಹೋದ, ತಾಲೂಕು ಕಚೇರಿಗೆ, ಜಿಲ್ಲಾ ಕಚೇರಿಗೆ ತಿರುಗಿದ. ತಿಂಗಳುಗಳು ಕಳೆದವು, ಆ ನೇಮಕಾತಿ ಮುಗಿದೇ ಹೋಯಿತು. ಮುಂದಿನ ಸಲದ ಹೊತ್ತಿಗೆ ಮದುವೆ, ಅಪ್ಪನ ಕಾಯಿಲೆ, ವಯೋಮಿತಿ.

ಇದರಲ್ಲಿ ಕಹಿಯಾದ ಸಂಗತಿ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಪೌರತ್ವ ಕಾಯ್ದೆಯ ಬಗ್ಗೆ ದೇಶವೆಲ್ಲ ಮಾತನಾಡುತ್ತಿದ್ದ 2019ರಲ್ಲಿ, ನಾನು ಆ ಕಾಯ್ದೆಯನ್ನು ಓದಲು ಕುಳಿತಾಗ. 1955ರ ಪೌರತ್ವ ಕಾಯ್ದೆಯ 3ನೆಯ ಕಲಮಿನ ಪ್ರಕಾರ, 1950ರ ಜನವರಿ 26ರಿಂದ 1987ರ ಜೂನ್ 30ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವನು, ವಿದೇಶಿ ರಾಯಭಾರಿಗಳ ಮಕ್ಕಳಂಥ ಅಪವಾದ ಬಿಟ್ಟರೆ, ತಂದೆ ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪೌರ. ಆ ಹುಡುಗ ಹುಟ್ಟಿದ್ದು 1984ರಲ್ಲಿ, ಸುಳ್ಯದ ಆಸ್ಪತ್ರೆಯಲ್ಲಿ. ಅಪ್ಪನ ಪಾಸ್‌ಪೋರ್ಟಿನ ಅಗತ್ಯವೇ ಇರಲಿಲ್ಲ! ಜನನ ಪ್ರಮಾಣಪತ್ರವೊಂದು ಸಾಕಿತ್ತು. ಕೇಳಿದ ಗುಮಾಸ್ತರಿಗೂ ಅದು ತಿಳಿದಿರಲಿಲ್ಲ, ಅಲೆದ ಹುಡುಗನಿಗೂ ತಿಳಿದಿರಲಿಲ್ಲ, ಅವನಿಗೆ ಬಿ.ಎಸ್ಸಿ., ಬಿ.ಎಡ್. ಮಾಷ್ಟ್ರಾಗಿದ್ದ ನನಗೂ ತಿಳಿದಿರಲಿಲ್ಲ.

ಟಿಬೆಟನ್ನರೊಬ್ಬರು ಇದೇ ಕಲಮನ್ನು ಹಿಡಿದು 2013ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಆ ಅವಧಿಯಲ್ಲಿ ಇಲ್ಲಿ ಹುಟ್ಟಿದ ಟಿಬೆಟನ್ ಭಾರತದ ಪೌರನೇ ಎಂದು ನ್ಯಾಯಾಲಯ ಹೇಳಿತು. ನಿರಾಶ್ರಿತರಾಗಿಯೇ ಉಳಿದ ಟಿಬೆಟನ್ನರೂ 1962ರಲ್ಲಿ ಕಟ್ಟಿದ ವಿಶೇಷ ಗಡಿ ಪಡೆಯಲ್ಲಿ ಕೋವಿ ಹಿಡಿದು ನಮ್ಮ ಗಡಿ ಕಾಯುತ್ತ ಬಂದಿದ್ದಾರೆ. ಕೋವಿಗೂ ಪೌರತ್ವಕ್ಕೂ ಇರುವ ನಂಟು ನಾವೆಣಿಸಿದಷ್ಟು ನೇರವಲ್ಲ.

1987ರ ಬಳಿಕ ಲೆಕ್ಕ ಬಿಗಿಯಾಯಿತು. ಆ ವರ್ಷದ ಜುಲೈ 1ರಿಂದ 2004ರ ಡಿಸೆಂಬರ್ 2ರ ವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈಗ ಶಾಲೆಯಲ್ಲಿರುವ ಮಕ್ಕಳೆಲ್ಲ ಈ ಮೂರನೆಯ ಗುಂಪಿನವರು. ಹಾಗಾಗಿ ಅಪ್ಪನ ಕಾಗದ ಮಾತ್ರವಲ್ಲ, ಅಮ್ಮನ ಕಾಗದವನ್ನೂ ಜೋಪಾನ ಮಾಡಬೇಕು. ನಮ್ಮ ಮನೆಗಳಲ್ಲಿ ಅಮ್ಮಂದಿರ ಜನನ ಪ್ರಮಾಣಪತ್ರವನ್ನು ಯಾರಾದರೂ ತೆಗೆದಿಟ್ಟದ್ದುಂಟೇ?

ಖಾಕಿಯ ಬಾಗಿಲು

ಇನ್ನು ನೌಕರಿಯ ನಿಯಮ. ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಭೇದವಿದೆ. ಐ.ಎ.ಎಸ್., ಐ.ಪಿ.ಎಸ್.ಗೆ ಅಭ್ಯರ್ಥಿ ಭಾರತದ ಪೌರನೇ ಆಗಿರಬೇಕು. ಆದರೆ ಇತರ ಹಲವು ಸೇವೆಗಳಿಗೆ ನೇಪಾಳ, ಭೂತಾನದ ಪ್ರಜೆಗಳು, 1962ರ ಜನವರಿ 1ಕ್ಕೆ ಮೊದಲು ಬಂದ ಟಿಬೆಟನ್ ನಿರಾಶ್ರಿತರು, ಶ್ರೀಲಂಕಾ, ಬರ್ಮಾ, ಪೂರ್ವ ಆಫ್ರಿಕಾದಂಥ ಕಡೆಗಳಿಂದ ಕಾಯಂ ನೆಲೆಸಲು ಬಂದ ಭಾರತ ಮೂಲದವರೂ ಅರ್ಹರು. ಇವರಿಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಅರ್ಹತಾ ಪ್ರಮಾಣಪತ್ರ ಬೇಕು. ಎಂದರೆ ಲೆಕ್ಕದ ಪುಸ್ತಕ ಹಿಡಿಯುವ ಕೆಲಸಕ್ಕೆ ಬಾಗಿಲು ಸ್ವಲ್ಪ ಅಗಲ, ಲಾಠಿ ಕೋವಿ ಹಿಡಿಯುವ ಕೆಲಸಕ್ಕೆ ಕಿರಿದು. ಖಾಸಗಿ ಕಾವಲುಗಾರನಿಗೂ ನಿಯಮವುಂಟು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಂತೆ ಅವನು ಭಾರತದ ಪೌರನೋ ಕೇಂದ್ರ ಸರ್ಕಾರ ಸೂಚಿಸಿದ ಬೇರೆ ದೇಶದ ಪೌರನೋ ಆಗಿರಬೇಕು.

ಆದರೆ ಪೌರರಲ್ಲಿ ಹುಟ್ಟು ಪೌರ, ನೋಂದಾಯಿತ ಪೌರ ಎಂಬ ಮೇಲು ಕೀಳು ನಮ್ಮ ಸಂವಿಧಾನದಲ್ಲಿಲ್ಲ. ಸರ್ಕಾರಿ ನೌಕರಿಯಲ್ಲಿ ಜಾತಿ, ಧರ್ಮ, ಲಿಂಗಗಳಂತೆಯೇ "ಹುಟ್ಟಿದ ಸ್ಥಳ"ದ ಕಾರಣಕ್ಕೂ ಭೇದ ಮಾಡಬಾರದೆಂದು 16ನೆಯ ಅನುಚ್ಛೇದ ಹೇಳುತ್ತದೆ. ಅಮೆರಿಕದಲ್ಲಿ ಹುಟ್ಟು ಪೌರನಲ್ಲದವನು ಅಧ್ಯಕ್ಷನಾಗಲಾರ. ಇಲ್ಲಿ ಕ್ಯಾಂಡಿಯಲ್ಲಿ ಹುಟ್ಟಿ ನೋಂದಣಿಯಿಂದ ಭಾರತೀಯನಾದವನಿಗೂ ರಾಷ್ಟ್ರಪತಿ ಭವನದ ಬಾಗಿಲು ಮುಚ್ಚಿಲ್ಲ, ಪೊಲೀಸ್ ಠಾಣೆಯದು ಹೇಗೆ ಮುಚ್ಚೀತು?

ಅಮೆರಿಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿ ಮಕ್ಕಳಿರುವ ಮನೆಗಳು ನಮ್ಮೂರಲ್ಲೂ ಈಗ ಸಾಕಷ್ಟಿವೆ. ಅಲ್ಲಿನ ಒಕ್ಕೂಟದ ಕಾನೂನಿನಂತೆ ಅಕ್ರಮವಾಗಿ ನೆಲೆಸಿದವರಿಗೂ, ಕೆಲವು ವಿನಾಯಿತಿ ಬಿಟ್ಟರೆ ತಾತ್ಕಾಲಿಕ ವೀಸಾದವರಿಗೂ ಬಂದೂಕು ನಿಷಿದ್ಧ. ಗ್ರೀನ್ ಕಾರ್ಡ್ ಇದ್ದವರಿಗೆ ಅಡ್ಡಿಯಿಲ್ಲ. ಪೊಲೀಸ್ ನೌಕರಿಯ ನಿಯಮ ಮಾತ್ರ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾ 2023ರಿಂದ, ಇಲಿನಾಯ್ 2024ರಿಂದ, ಕೆಲಸದ ಅನುಮತಿಯಿರುವ ಪೌರೇತರರಿಗೂ ಪೊಲೀಸ್ ಬಾಗಿಲು ತೆರೆದಿವೆ. ಹೀಗೆ ಎರಡು ಕಾನೂನುಗಳ ನಡುವೆ ಸಿಕ್ಕಿದ್ದು ಮೇಯ್ನ್ ರಾಜ್ಯದ ಓಲ್ಡ್ ಆರ್ಚರ್ಡ್ ಬೀಚ್ ಎಂಬ ಪಟ್ಟಣದ ಒಬ್ಬ ಪೊಲೀಸ್. ಜಮೈಕಾದಿಂದ ಬಂದ ಆತನಿಗೆ ಕೆಲಸ ಮಾಡುವ ಅರ್ಹತೆಯಿದೆಯೆಂದು ಸರ್ಕಾರದ ಗಣಕ ವ್ಯವಸ್ಥೆಯೇ ಹೇಳಿತ್ತೆಂದು ಪಟ್ಟಣದ ಪೊಲೀಸ್ ಇಲಾಖೆಯ ವಾದ. 2025ರ ಜುಲೈಯಲ್ಲಿ ಆತ ಬಂದೂಕು ಖರೀದಿಸಲು ಹೋದಾಗ, ವೀಸಾ ಅವಧಿ ಮುಗಿದಿದೆಯೆಂದು ವಲಸೆ ಇಲಾಖೆ ಬಂಧಿಸಿತು. ಕೆಲಸ ಕೊಡುವ ಕಾಗದ ಒಂದು, ಕೋವಿ ಕೊಡುವ ಕಾಗದ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಮಕ್ಕಳ ಖಾಕಿಯ ಕನಸನ್ನು ಕೆಡಿಸುವ ಇನ್ನೊಂದು ಕಾಗದದ ಬಗ್ಗೆ ಹೆತ್ತವರಲ್ಲಿ ಒಂದು ಮಾತು. ಇದು ರಬ್ಬರು ಕಾಲನಿಗೂ ಅಡಿಕೆ ತೋಟಕ್ಕೂ ಸಮಾನ. ಆಯ್ಕೆಯಾದ ಮೇಲೆ ಪೂರ್ವಾಪರ ಪರಿಶೀಲನೆಯ ನಮೂನೆಯಲ್ಲಿ "ನಿಮ್ಮ ಮೇಲೆ ಯಾವುದಾದರೂ ಮೊಕದ್ದಮೆ ಇದೆಯೇ, ಇತ್ತೇ" ಎಂದು ಕೇಳುತ್ತಾರೆ. ಜಾತ್ರೆಯಲ್ಲಿ ಹೊಡೆದಾಟ, ಕಾಲೇಜು ಗೇಟಿನ ಗಲಾಟೆ, ಹತ್ತು ಮಂದಿಯ ಹೆಸರಿನ ಜತೆ ತನ್ನದೂ ಸೇರಿದ ಕೇಸು. ಖುಲಾಸೆಯಾಯಿತಲ್ಲ ಎಂದು "ಇಲ್ಲ" ಎಂದು ಬರೆದುಬಿಡುತ್ತಾರೆ. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ. ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಈ ಬಗ್ಗೆ ವಿವರವಾಗಿ ಹೇಳಿದೆ. ನಿಜ ಹೇಳಿದವನ ಕೇಸು ಕ್ಷುಲ್ಲಕವಾಗಿದ್ದರೆ ಇಲಾಖೆ ಮನ್ನಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ನೇಮಕ ಮಾಡಲೇಬೇಕೆಂದೂ ಇಲ್ಲ. ಕೋವಿಯ ಪರವಾನಿಗೆಗೂ ಇದರ ಬಿಸಿ ತಟ್ಟುತ್ತದೆ. ಶಾಂತಿ ಕಾಪಾಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕಾಗಿ ಬಂದವನಿಗೆ ಆ ಅವಧಿ ಮುಗಿಯುವ ತನಕ ಪರವಾನಿಗೆಯಿಲ್ಲ.

ಆ ಹುಡುಗಿಗೆ ನಾನು ಹೇಳಿದೆ: ನೀನು ಹುಟ್ಟಿದ್ದು 2010ರಲ್ಲಿ. ನಿನ್ನ ಅಪ್ಪ 1984ರಲ್ಲಿ ಸುಳ್ಯದಲ್ಲಿ, ಅಮ್ಮ 1986ರಲ್ಲಿ ಪುತ್ತೂರು ಕಡೆಯ ತೋಟದಲ್ಲಿ. ಇಬ್ಬರೂ ಹುಟ್ಟಿನಿಂದ ಭಾರತೀಯರು. ಆದ್ದರಿಂದ ನೀನೂ. ತಾತ ಎಲ್ಲಿಂದ ಬಂದರೆಂಬುದು ನಿನ್ನ ಚರಿತ್ರೆ, ಅಡ್ಡಿಯಲ್ಲ. ಸಿವಿಲ್ ಪೊಲೀಸಿಗೆ ಪಿ.ಯು.ಸಿ. ಬೇಕು, ಇತ್ತೀಚಿನ ಅಧಿಸೂಚನೆಗಳಂತೆ ಹೆಣ್ಣುಮಕ್ಕಳಿಗೆ 157 ಸೆಂಟಿಮೀಟರ್ ಎತ್ತರ, 2 ನಿಮಿಷದೊಳಗೆ 400 ಮೀಟರ್ ಓಟ. ಕನ್ನಡ ಮಾಧ್ಯಮ, ಗ್ರಾಮೀಣ ಅಭ್ಯರ್ಥಿಗಳ ಮೀಸಲಾತಿಯೂ ಉಂಟು. ನೀನು ಒಂದರಿಂದ ಹತ್ತರ ತನಕ ಇಲ್ಲೇ ಕನ್ನಡದಲ್ಲಿ ಓದಿದವಳು. ಜಾತಿ ಪ್ರಮಾಣಪತ್ರದ ಪ್ರಶ್ನೆ ಮಾತ್ರ ನಿಮ್ಮವರು ದಶಕಗಳಿಂದ ಹೋರಾಡುತ್ತಿರುವ ಪ್ರಶ್ನೆ. ಅದಕ್ಕೆ ತಾತನ ಕಾಗದಗಳು ಬೇಕೇ ಬೇಕು, ಒಂದನ್ನೂ ಬಿಸಾಡಬೇಡಿ.

ಮರುವಾರ ಅವಳ ಅಪ್ಪ ಬಂದ. ಟ್ಯಾಪಿಂಗ್ ಮುಗಿಸಿ ನೇರ ಬಂದಿದ್ದ, ಅಂಗಿಯ ತುಂಬ ಒಣಗಿದ ರಬ್ಬರು ಹಾಲಿನ ಕಲೆ. "ಸಾರ್, ಇದನ್ನು ಆಗ ತೋರಿಸಲಿಲ್ಲ ನಾವು" ಎಂದು ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿಟ್ಟ. ಪಾಸ್‌ಪೋರ್ಟು, ಕುಟುಂಬ ಚೀಟಿ, ಗೆದ್ದಲು ಹಿಡಿದ ಇನ್ನೆರಡು ಹಾಳೆ. "ನಾವು ಕೇಳಲಿಲ್ಲ" ಎಂದೆ. ಎಸ್ಸೆಸ್ಸೆಲ್ಸಿಗೆ ಮಕ್ಕಳ ಹೆಸರಿನ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗುವ ಮೊದಲು ತಿದ್ದಲು ಅವಕಾಶವಿದೆ. ಆಮೇಲೆ ತಿದ್ದುವುದು ಸುಲಭವಲ್ಲ. ಮೇಜಿನ ಮೇಲೆ ಎಲ್ಲ ಹರಡಿಕೊಂಡು, ಅವಳ ಜನನ ಪ್ರಮಾಣಪತ್ರ, ಅವಳಪ್ಪನ ಜನನ ಪ್ರಮಾಣಪತ್ರ, ಅಜ್ಜನ ಪಾಸ್‌ಪೋರ್ಟು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿದೆವು. ಅವಳ ಹೆಸರಿನ ಮುಂದಿನ ಇನಿಷಿಯಲ್ಲಿನಲ್ಲಿ ಪುನಃ 'ಚ' ಬಂದು ಕುಳಿತಿತ್ತು. ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದೆ. ಅವಳ ಅಪ್ಪ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ, ತನ್ನ ಅಪ್ಪನ ಹೆಸರನ್ನು ಈ ಸಲ 'ಸ'ದಿಂದಲೇ ಬರೆದು.